ನಿಂತಲ್ಲೇ ಸುತ್ತುವ ಗಾಲಿ, ಸುಟ್ಟುಹೋಗುವ ಹಳಿ

ಗೂಡ್ಸ್ ರೈಲು ಏರಿನಲ್ಲಿ ಸಿಕ್ಕಿಕೊಂಡಿದೆ. ಎಂಜಿನ್ ಪೂರ್ತಿ ಶಕ್ತಿ ಹಾಕುತ್ತಿದೆ, ಹಿಂದಿನ ವ್ಯಾಗನ್‌ಗಳು ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಗಾಲಿಗಳು ಇದ್ದಲ್ಲೇ ಗಿರ್ರನೆ ಸುತ್ತುತ್ತಿವೆ. ಯಾರೂ ಗಮನಿಸದೆ ಕೆಲವು ನಿಮಿಷ ಹೀಗೇ ಬಿಟ್ಟರೆ, ಎಂಜಿನ್ ಸರಿದ ಮೇಲೆ ಹಳಿಯ ನೆತ್ತಿಯಲ್ಲಿ ಗಾಲಿಯ ದುಂಡಗೆ ಸರಿಯಾಗಿ ಕೂರುವ ಗುಂಡಿ ಕಾಣುತ್ತದೆ. ಅದರ ಅಂಚಿನಲ್ಲಿ ಕರಗಿ ಹೊರಚಾಚಿ ಗಟ್ಟಿಯಾದ ಉಕ್ಕು. ಎದುರಿನ ಹಳಿಯಲ್ಲೂ ಅದೇ ಜಾಗಕ್ಕೆ ಅಂಥದ್ದೇ ಗುಂಡಿ, ಏಕೆಂದರೆ ಎರಡೂ ಗಾಲಿಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ. ಆರು ಅಚ್ಚಿನ ಎಂಜಿನ್ ಆದರೆ ಮೂರು ಜೋಡಿ ಗುಂಡಿ, ನಡುವೆ ಒಂದಷ್ಟು ಜಾಗ, ಆಮೇಲೆ ಮತ್ತೆ ಮೂರು ಜೋಡಿ. ಟೇಪ್ ಹಿಡಿದು ಅಂತರ ಅಳೆದರೆ ಅಲ್ಲಿ ನಿಂತಿದ್ದ ಎಂಜಿನ್ ಯಾವ ಮಾದರಿಯದು ಅಂತಲೂ ಬಹುಮಟ್ಟಿಗೆ ಊಹಿಸಬಹುದು.

ಹಳಿ ಕೆಲಸದವರು ಇದನ್ನು ವೀಲ್ ಬರ್ನ್ ಅನ್ನುತ್ತಾರೆ. ಅಮೆರಿಕದಲ್ಲಿ ಎಂಜಿನ್ ಬರ್ನ್ ಅನ್ನುವ ಹೆಸರೂ ಇದೆ. ದೊಡ್ಡ ಗುಂಡಿ ನೋಡಿದ ಯಾರಿಗಾದರೂ ಮೈ ಜುಂ ಅನ್ನುತ್ತದೆ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅಷ್ಟು ದೊಡ್ಡ ಗುಂಡಿಯಿಂದ ರೈಲು ಬೀಳುವ ಅಪಾಯ ನಾವು ಅಂದುಕೊಂಡಷ್ಟಿಲ್ಲ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಲೈನ್ ನಿಲ್ಲಿಸುತ್ತಾರೆ, ಆ ತುಂಡು ಕತ್ತರಿಸಿ ಬೇರೆ ಹಾಕುತ್ತಾರೆ, ಮುಗಿಯಿತು. ಕಾಟ ಕೊಡುವುದು ಎರಡು ಮೂರು ಸೆಕೆಂಡ್ ಜಾರಿ, ಹಿಡಿತ ಸಿಕ್ಕಿ, ಮುಂದಕ್ಕೆ ಹೋಗಿಬಿಟ್ಟ ಗಾಲಿ. ಅದು ಬಿಟ್ಟುಹೋದ ಕಲೆ ಮರುದಿನಕ್ಕೆ ಬೇರೆ ರೈಲುಗಳ ಗಾಲಿ ಉಜ್ಜಿ ಫಳಫಳ ಹೊಳೆಯುತ್ತಿರುತ್ತದೆ. ಒಳಗೆ ಏನಾಗಿದೆ ಅಂತ ಮೇಲಿನಿಂದ ತಿಳಿಯುವುದಿಲ್ಲ.

ಹಳಿಯೇ ಏಕೆ ಸೋಲುತ್ತದೆ?

ಗಾಲಿಯೂ ಉಕ್ಕು, ಹಳಿಯೂ ಉಕ್ಕು. ಎರಡೂ ಒಂದಕ್ಕೊಂದು ಉಜ್ಜಿದರೆ ಹಳಿ ಮಾತ್ರ ಏಕೆ ಕರಗಬೇಕು? ಸಣ್ಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಎಂಜಿನ್ನಿನ ಒಂದು ಗಾಲಿಯ ಮೇಲೆ ಹತ್ತು ಟನ್ ಭಾರ ಅಂತ ಇಟ್ಟುಕೊಳ್ಳಿ. ಇದು ಸಾಧಾರಣ ಲೆಕ್ಕ, ಭಾರೀ ಎಂಜಿನ್‌ಗಳಲ್ಲಿ ಇನ್ನೂ ಜಾಸ್ತಿ ಇರುತ್ತದೆ. ಇಷ್ಟೂ ಭಾರ ಹಳಿಗೆ ಇಳಿಯುವುದು ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ. ಗಾಲಿ ಜಾರುವಾಗ ಘರ್ಷಣೆ ಭಾರದ ಐದನೇ ಒಂದು ಭಾಗ ಅಂದರೂ ಎರಡು ಟನ್ ಬಲ ಆಯಿತು. ಈಗ ಗಾಲಿಯ ಅಂಚು ಹಳಿಯ ಮೇಲೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಉಜ್ಜುತ್ತಿದೆ ಅನ್ನಿ. ಗಂಟೆಗೆ 18 ಕಿಲೋಮೀಟರ್, ದೊಡ್ಡ ವೇಗವೇನಲ್ಲ. ಬಲವನ್ನೂ ವೇಗವನ್ನೂ ಗುಣಿಸಿದರೆ ಸುಮಾರು 100 ಕಿಲೋವ್ಯಾಟ್ ಬರುತ್ತದೆ. ಒಂದು ಚದರ ಸೆಂಟಿಮೀಟರಿಗೆ 100 ಕಿಲೋವ್ಯಾಟ್ ಶಾಖ. ಅದೂ ಒಂದೇ ಗಾಲಿಯಿಂದ. ಆರು ಅಚ್ಚಿನ ಎಂಜಿನ್ನಿಗೆ ಗಾಲಿ ಹನ್ನೆರಡು.

ಈ ಶಾಖ ಗಾಲಿಗೂ ಹಳಿಗೂ ಹೆಚ್ಚುಕಡಿಮೆ ಸಮಪಾಲು. ವ್ಯತ್ಯಾಸ ಬರುವುದು ಆಮೇಲೆ. ಸುಮಾರು 1.1 ಮೀಟರ್ ಅಡ್ಡಳತೆಯ ಗಾಲಿಗೆ ಸುತ್ತಳತೆ ಸುಮಾರು 3.5 ಮೀಟರ್. ತನ್ನ ಪಾಲಿನ ಶಾಖವನ್ನು ಅದು ಅಷ್ಟುದ್ದಕ್ಕೂ ಹಂಚಿಕೊಳ್ಳುತ್ತದೆ. ಗಾಲಿಯ ಯಾವುದೇ ಒಂದು ಚುಕ್ಕೆ ಹಳಿಗೆ ತಾಗುವುದು ಕ್ಷಣಮಾತ್ರ, ಆಮೇಲೆ ಒಂದು ಸುತ್ತು ಗಾಳಿಗೆ ಆರಿಕೊಂಡು ಬರುತ್ತದೆ. ಹಳಿಗೆ ಆ ಭಾಗ್ಯವಿಲ್ಲ. ಅದೇ ಜಾಗ, ಅದೇ ಶಾಖ, ಬಿಡುವೇ ಇಲ್ಲದೆ. ಹಾಗಾಗಿ ಹಳಿಯ ಮೇಲ್ಮೈ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಡವಾಗುತ್ತದೆ. ಬಿಸಿಯಾದ ಉಕ್ಕು ಮೆತ್ತಗಾಗಿ ಪಕ್ಕಕ್ಕೆ ಒತ್ತರಿಸಿಕೊಂಡು ಹೋಗುತ್ತದೆ, ಗಾಲಿ ಕೆಳಕ್ಕೆ ಇಳಿಯುತ್ತದೆ. ಇಳಿದಷ್ಟೂ ರೈಲು ಹೊರಡುವುದು ಕಷ್ಟ. ಈಗ ಗಾಲಿ ತಾನೇ ತೋಡಿಕೊಂಡ ಗುಂಡಿಯನ್ನೂ ಹತ್ತಿ ಬರಬೇಕಲ್ಲ!

ಬ್ರೇಕ್ ಹಾಕಿದಾಗ ಗಾಲಿ ಬಿಗಿದುಕೊಂಡು ಹಳಿಯ ಮೇಲೆ ಜಾರಿಕೊಂಡು ಹೋಗುವುದೂ ಉಂಟು. ಅಲ್ಲಿ ಕಥೆ ಪೂರ್ತಿ ತಿರುವುಮುರುವು. ಗಾಲಿಯ ಒಂದೇ ಜಾಗ ಉಜ್ಜುತ್ತದೆ, ಹಳಿ ಹೊಸ ಹೊಸ ಜಾಗ ಒಡ್ಡುತ್ತಾ ಹೋಗುತ್ತದೆ. ಪೆಟ್ಟು ಗಾಲಿಗೆ: ಅದರ ಒಂದು ಕಡೆ ಚಪ್ಪಟೆಯಾಗುತ್ತದೆ. ನಿಲ್ದಾಣದಲ್ಲಿ ನಿಂತಿದ್ದಾಗ ಯಾವುದೋ ಒಂದು ಬೋಗಿ ಮಾತ್ರ ಟಕ್ ಟಕ್ ಟಕ್ ಅಂತ ಲಯವಾಗಿ ಬಡಿದುಕೊಂಡು ಹೋಗುವುದು ಕೇಳಿದ್ದೀರಲ್ವಾ, ಅದು ಇದೇ. ಆ ಚಪ್ಪಟೆ ಗಾಲಿ ಆಮೇಲೆ ಹಳಿಯನ್ನು ಪ್ರತಿ ಸುತ್ತಿಗೊಮ್ಮೆ ಬಡಿಯುತ್ತದೆ. ಕೊನೆಗೆ ಅಲ್ಲೂ ಹಳಿಗೇ ಏಟು.

ಬೆಂಕಿಗಿಂತ ಆರುವುದೇ ಕೇಡು

ಹಳಿಯ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಸುಮಾರು ಶೇಕಡಾ 0.7ರಿಂದ 0.8. ಮನೆ ಕಟ್ಟುವ ಸರಳಿಗಿಂತ ಎಷ್ಟೋ ಹೆಚ್ಚು. ಇದರಿಂದಲೇ ಹಳಿಗೆ ಸವೆತ ತಡೆಯುವ ಗುಣ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೆದು ಪದರ, ಗಟ್ಟಿ ಪದರ ಒಂದರ ಮೇಲೊಂದು ತೆಳ್ಳಗೆ ಜೋಡಿಸಿಕೊಂಡಿರುತ್ತವೆ. ಇದಕ್ಕೆ ಪರ್ಲೈಟ್ ಅನ್ನುತ್ತಾರೆ. ಗಟ್ಟಿಯೂ ಹೌದು, ಏಟು ತಾಳುವ ಗುಣವೂ ಉಂಟು.

ಉಕ್ಕು ಸುಮಾರು 727 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಜೋಡಣೆ ಕರಗಿ ಬೇರೆ ರೂಪ ತಾಳುತ್ತದೆ. ಮೆಲ್ಲಗೆ ಆರಿದರೆ ಮತ್ತೆ ಪರ್ಲೈಟ್ ಆಗುತ್ತದೆ, ತೊಂದರೆಯಿಲ್ಲ. ಆದರೆ ಹಳಿಯಲ್ಲಿ ಕಾಯುವುದು ಮೇಲಿನ ತೆಳು ಪದರ ಮಾತ್ರ. ಕೆಳಗೆ ಮೀಟರಿಗೆ 60 ಕಿಲೋ ತೂಗುವ ತಣ್ಣನೆಯ ಉಕ್ಕು ಇರುತ್ತದೆ. ಗಾಲಿ ಸರಿದ ತಕ್ಷಣ ಅದು ಮೇಲಿನ ಶಾಖವನ್ನು ಸರ್ರನೆ ಹೀರಿಬಿಡುತ್ತದೆ. ಕಮ್ಮಾರ ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿದ ಹಾಗೆ. ಹೀಗೆ ಥಟ್ಟನೆ ಆರಿದ ಉಕ್ಕು ಮಾರ್ಟೆನ್‌ಸೈಟ್ ಆಗುತ್ತದೆ. ಅದು ಸಾಧಾರಣ ಹಳಿಯ ಎರಡು ಮೂರು ಪಟ್ಟು ಗಡಸು, ಆದರೆ ಬಲು ಪೆಡಸು. ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಕಮ್ಮಾರ ಅದ್ದಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಆ ಪೆಡಸುತನ ಇಳಿಸುತ್ತಾನೆ. ಹಳಿಗೆ ಆ ಉಪಚಾರ ಮಾಡುವವರು ಯಾರು?

ಪ್ರಯೋಗಾಲಯದಲ್ಲಿ ಈ ಹಳಿಯನ್ನು ಅಡ್ಡಲಾಗಿ ಕತ್ತರಿಸಿ, ನುಣ್ಣಗೆ ಮಾಡಿ, ಆಮ್ಲ ಹಚ್ಚಿದರೆ ಪರ್ಲೈಟ್ ಇದ್ದ ಜಾಗ ಕಪ್ಪಗಾಗುತ್ತದೆ. ಸುಟ್ಟ ಪದರ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅದಕ್ಕೇ ಬಿಳಿ ಪದರ ಅಂತ ಹೆಸರು. ಸಣ್ಣ ಜಾರುವಿಕೆಯಲ್ಲಿ ಇದರ ದಪ್ಪ ಮಿಲಿಮೀಟರಿನ ಒಂದು ಸಣ್ಣ ಭಾಗ. ಜೋರಾಗಿ ಸುಟ್ಟಲ್ಲಿ ಕೆಲವು ಮಿಲಿಮೀಟರ್ ಕೂಡ ಆಗಬಹುದು.

ಇಷ್ಟು ತೆಳ್ಳಗಿನ ಪದರ ಏನು ಮಾಡೀತು ಅಂತ ಕೇಳಬಹುದು. ಅದರ ಮೇಲೆ ದಿನವೂ ಸಾವಿರಾರು ಗಾಲಿ ಹಾಯುತ್ತವೆ. ಹತ್ತು ಟನ್ ಭಾರ ಒಂದು ಚದರ ಸೆಂಟಿಮೀಟರಿಗೆ ಬಿದ್ದರೆ ಒತ್ತಡ 1,000 ಮೆಗಾಪ್ಯಾಸ್ಕಲ್ ಆಸುಪಾಸಿಗೆ ಹೋಗುತ್ತದೆ. ಕೆಳಗಿನ ಪರ್ಲೈಟ್ ಸ್ವಲ್ಪ ಬಾಗಿ ತಗ್ಗುತ್ತದೆ, ಮೇಲಿನ ಪೆಡಸು ಪದರಕ್ಕೆ ಬಾಗಲು ಬರುವುದಿಲ್ಲ. ಎರಡೂ ಕೂಡುವ ಜಾಗದಲ್ಲಿ ಬಿರುಕು ಹುಟ್ಟುತ್ತದೆ. ಮೊದಲು ಅದು ಅಡ್ಡಡ್ಡ ಹರಡಿ ಮೇಲಿನ ಸಿಪ್ಪೆಯನ್ನು ಎಬ್ಬಿಸುತ್ತದೆ. ಸಿಪ್ಪೆ ಉದುರಿದಲ್ಲಿ ತಗ್ಗು. ತಗ್ಗಿಗೆ ಬಿದ್ದೆದ್ದು ಹೋಗುವ ಪ್ರತಿ ಗಾಲಿಯೂ ಒಂದು ಸುತ್ತಿಗೆ ಏಟು. ಎರಡೂ ಹಳಿಯಲ್ಲಿ ಒಂದೇ ಕಡೆ ತಗ್ಗಿರುವುದರಿಂದ ಏಟು ಜೋಡಿಯಾಗಿ ಬೀಳುತ್ತದೆ. ಅಡಿಯ ಸ್ಲೀಪರ್ ಸಡಿಲಾಗುತ್ತದೆ, ಜಲ್ಲಿ ಪುಡಿಯಾಗಿ ಕೂರುತ್ತದೆ. ಹಳಿ ಇನ್ನಷ್ಟು ಬಾಗುತ್ತದೆ, ಏಟು ಇನ್ನಷ್ಟು ಜೋರಾಗುತ್ತದೆ.

ಅಡ್ಡ ಹೋಗುತ್ತಿದ್ದ ಬಿರುಕು ಯಾವುದೋ ಹಂತದಲ್ಲಿ ಕೆಳಮುಖವಾಗಿ ತಿರುಗಿದರೆ ಆಟ ಬೇರೆ. ಅಮೆರಿಕದ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ನಿನ ಹಳಿ ಸುರಕ್ಷತಾ ನಿಯಮಗಳು ಇದಕ್ಕೆ ಎಂಜಿನ್ ಬರ್ನ್ ಫ್ರ್ಯಾಕ್ಚರ್ ಅಂತ ಪ್ರತ್ಯೇಕ ಹೆಸರು ಕೊಟ್ಟಿವೆ. ಕೆಳಕ್ಕೆ ಬೆಳೆದಾಗ ಇದು ಹಳಿಯೊಳಗಿನ ಬೇರೆ ಬಗೆಯ ಅಡ್ಡಬಿರುಕಿನಂತೆಯೇ ಕಾಣುತ್ತದೆ, ಆದರೂ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬಾರದು ಅಂತ ನಿಯಮವೇ ಎಚ್ಚರಿಸುತ್ತದೆ. ಕಾರಣ ಸರಳ. ಒಂದು ಉಕ್ಕಿನ ತಯಾರಿಕೆಯ ದೋಷದಿಂದ ಬರಬಹುದು. ಇನ್ನೊಂದನ್ನು ಓಡುವ ಎಂಜಿನ್ ಹುಟ್ಟಿಸಿದೆ. ಮದ್ದು ಬೇರೆ ಬೇರೆ.

ಇಂಥ ಹಳಿ ಮುರಿಯುವುದು ಹೆಚ್ಚಾಗಿ ಚಳಿಯಲ್ಲಿ. ಉದ್ದಕ್ಕೂ ವೆಲ್ಡ್ ಮಾಡಿದ ಹಳಿಗೆ ಕುಗ್ಗಲು ಜಾಗವಿಲ್ಲ. ತಾಪ ಇಳಿದಂತೆ ಅದು ಒಳಗೊಳಗೇ ಬಿಗಿಯುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಪ್ರತಿ ಡಿಗ್ರಿ ಇಳಿಕೆಗೆ ಸುಮಾರು ಎರಡು ಟನ್ ಎಳೆತ ಏರುತ್ತದೆ. ಹಳಿ ಹಾಕಿದಾಗಿನ ತಾಪಕ್ಕಿಂತ 30 ಡಿಗ್ರಿ ಕೆಳಗಿಳಿದರೆ ಅರವತ್ತು ಟನ್ ಹತ್ತಿರ ಎಳೆತ. ಅರ್ಧ ತಿಂದುಹಾಕಿದ ಬಿರುಕಿಗೆ ಅಷ್ಟು ಸಾಕು.

ಜಾರುವುದು ಯಾವಾಗ, ಏಕೆ?

ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಎಳೆಯಬಲ್ಲದೇ ಅನ್ನುವ ಅನುಮಾನ ರೈಲು ಹುಟ್ಟಿದಾಗಿನಿಂದಲೂ ಇತ್ತು. 1812ರಲ್ಲಿ ಇಂಗ್ಲೆಂಡಿನ ಮಿಡ್ಲ್‌ಟನ್ ರೈಲ್ವೆಯಲ್ಲಿ ಬ್ಲೆಂಕಿನ್‌ಸಾಪ್ ಅದಕ್ಕಾಗಿ ಹಲ್ಲುಹಳಿಯನ್ನೇ ಹಾಕಿಸಿದ್ದ. ಮರುವರ್ಷವೇ ವಿಲಿಯಂ ಹೆಡ್ಲಿ ನುಣುಪು ಗಾಲಿಯೇ ಸಾಕು ಅಂತ ತೋರಿಸಿದ. ಸಾಕು ಅನ್ನುವುದೇನೋ ಸರಿ. ಆದರೆ ಎಷ್ಟು ಸಾಕು ಅನ್ನುವ ಚೌಕಾಸಿ ಇವತ್ತಿಗೂ ಮುಗಿದಿಲ್ಲ.

ಒಣಗಿದ ಶುಭ್ರ ಹಳಿಯಲ್ಲಿ ಗಾಲಿ ತನ್ನ ಮೇಲಿನ ಭಾರದ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಬಲ ಹಾಕಬಲ್ಲದು. ಒದ್ದೆ ಹಳಿಯಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಕೊಳೆತ ಎಲೆ ಗಾಲಿಯಡಿ ಅರೆದು ಅಂಟಿಕೊಂಡ ಹಳಿಯಲ್ಲಿ ಇಪ್ಪತ್ತನೇ ಒಂದು ಭಾಗ ಸಿಕ್ಕರೆ ಪುಣ್ಯ. ವಿಚಿತ್ರ ಅಂದರೆ ಜೋರು ಮಳೆಗಿಂತ ತುಂತುರು, ಇಬ್ಬನಿ ಕೆಟ್ಟದ್ದು. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ಸ್ವಲ್ಪ ನೀರು ಹಳಿಯ ತುಕ್ಕಿನ ಪುಡಿಯ ಜೊತೆ ಬೆರೆತರೆ ಲೇಪದಂತಾಗಿ ಜಾರಿಸುತ್ತದೆ. ತಿರುವುಗಳಲ್ಲಿ ಹಳಿಯ ಬದಿಗೆ ಹಚ್ಚುವ ಗ್ರೀಸ್ ನೆತ್ತಿಗೆ ಹರಿದರೂ ಅಷ್ಟೇ. 2013ರಲ್ಲಿ ಆಸ್ಟ್ರೇಲಿಯಾದ ಪರ್ತ್ ಹತ್ತಿರ ಕ್ಲಾರ್ಕ್‌ಸನ್ ನಿಲ್ದಾಣದಲ್ಲಿ ರೈಲೊಂದು ನಿಲ್ಲದೆ ಜಾರಿ ನಿಂತ ರೈಲಿಗೆ ಗುದ್ದಿತು. ಹಳಿಯ ಮೇಲೆ ಅರೆದುಹೋದ ಸಾವಿರ ಕಾಲಿನ ಹುಳಗಳ ಮೇಲೆ ಅನುಮಾನ ಹೋಯಿತು. ಅದು ಬ್ರೇಕಿನ ಕಥೆ ನಿಜ, ಆದರೆ ಹಿಡಿತ ತಪ್ಪಿಸುವ ಹುಳಕ್ಕೆ ಏನು, ನಿಲ್ಲಿಸುವ ಗಾಲಿ, ಎಳೆಯುವ ಗಾಲಿ ಅಂತ ಭೇದವಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಎಳೆಯುವ ಗಾಲಿ ಯಾವಾಗಲೂ ಒಂದಿಷ್ಟು ಜಾರುತ್ತಲೇ ಇರುತ್ತದೆ. ರೈಲು ನೂರು ಮೀಟರ್ ಹೋದರೆ ಗಾಲಿ ನೂರಾ ಒಂದೋ ಎರಡೋ ಮೀಟರ್ ಸುತ್ತಿರುತ್ತದೆ. ಹಾಗೆ ಜಾರದಿದ್ದರೆ ಎಳೆತವೇ ಹುಟ್ಟುವುದಿಲ್ಲ. 1926ರಲ್ಲಿ ಎಫ್. ಡಬ್ಲ್ಯೂ. ಕಾರ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ ಗಣಿತ ಬರೆದ. ಈ ಸಣ್ಣ ಜಾರುವಿಕೆ ಏರಿದಂತೆ ಎಳೆತವೂ ಏರುತ್ತದೆ, ಒಂದು ತುದಿ ಮುಟ್ಟುತ್ತದೆ. ತುದಿ ದಾಟಿದರೆ ಹಿಡಿತ ಇಳಿಯತೊಡಗುತ್ತದೆ. ಹಿಡಿತ ಇಳಿದರೆ ಗಾಲಿ ಇನ್ನೂ ಜೋರಾಗಿ ಸುತ್ತುತ್ತದೆ, ಜೋರಾಗಿ ಸುತ್ತಿದರೆ ಹಿಡಿತ ಇನ್ನೂ ಇಳಿಯುತ್ತದೆ. ಜಾಸ್ತಿ ಎಳೆತ ಬೇಕು ಅನ್ನುವವನು ಆ ತುದಿಯ ಪಕ್ಕದಲ್ಲೇ ಓಡಬೇಕು, ಬೀಳಬಾರದು. ಎಂಜಿನ್ ತಂತ್ರಜ್ಞಾನದ ದೊಡ್ಡ ಪಾಲು ಈ ಒಂದು ಸಾಲಿನಲ್ಲಿದೆ.

ಹಳೆಯ ಡಿಸಿ ಮೋಟಾರಿನ ಎಂಜಿನ್ನಿನಲ್ಲಿ ಚಾಲಕನಿಗೆ ಇದು ಹೇಗೆ ಕಾಣುತ್ತಿತ್ತು ನೋಡಿ. ಏರಿನಲ್ಲಿ ರೈಲು ಎತ್ತುತ್ತಿದ್ದಾನೆ. ಆಂಪಿಯರ್ ಮುಳ್ಳು ಮೇಲಿದೆ. ಇದ್ದಕ್ಕಿದ್ದಂತೆ ಮುಳ್ಳು ಕೆಳಗೆ ಬೀಳುತ್ತದೆ, ಗಾಲಿ ಜಾರುವ ದೀಪ ಹತ್ತುತ್ತದೆ, ಬಜರ್ ಕಿರುಚುತ್ತದೆ. ಮೊದಲು ಜಾರುವುದು ಸಾಮಾನ್ಯವಾಗಿ ಮುಂದಿನ ಅಚ್ಚು. ಎಳೆಯುವಾಗ ಎಂಜಿನ್ನಿನ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಗಾಲಿ ಹಗುರಾಗುತ್ತದೆ. ಹಳಿಯ ಕೊಳೆ ಮೊದಲು ತುಳಿಯುವುದೂ ಅದೇ. ಚಾಲಕ ಮಾಡಬೇಕಾದದ್ದು ಮೊದಲು ಶಕ್ತಿ ಇಳಿಸುವುದು, ಗಾಲಿ ಹಿಡಿದ ಮೇಲೆ ಹಿಡಿತಕ್ಕಾಗಿ ಹಳಿಯ ಮೇಲೆ ಮರಳು ಬಿಟ್ಟು ಒಂದೊಂದೇ ಮೆಟ್ಟಿಲು ಏರಿಸುವುದು. ಗಾಲಿ ಗಿರಗಿರ ಸುತ್ತುತ್ತಿರುವಾಗಲೇ ಮರಳು ಸುರಿದರೆ ಥಟ್ಟನೆ ಹಿಡಿತ ಸಿಕ್ಕಿ ಆ ಏಟಿಗೆ ಗೇರು, ಅಚ್ಚು ನರಳುತ್ತವೆ. ಅವಸರದಲ್ಲಿ ಇದು ನೆನಪಿರುವುದು ಕಷ್ಟ. ಹಿಂದೆ ರೈಲುಗಳು ಕಾಯುತ್ತಿರುತ್ತವೆ, ಕಂಟ್ರೋಲಿನಿಂದ ಫೋನು ಬರುತ್ತಿರುತ್ತದೆ. ಇನ್ನೊಂದು ಸಲ ನೋಡೋಣ ಅಂತ ಹ್ಯಾಂಡಲ್ ಮುಂದಕ್ಕೆ ಹೋಗುತ್ತದೆ.

ಹೀಗಾಗಿ ಸುಟ್ಟ ಕಲೆಗಳು ಎಲ್ಲೆಂದರಲ್ಲಿ ಇರುವುದಿಲ್ಲ. ಏರಿನಲ್ಲಿರುವ ಸಿಗ್ನಲ್ ಕಂಬದ ಮುಂದೆ, ಲೂಪ್ ಲೈನಿನಿಂದ ಹೊರಡುವ ಜಾಗದಲ್ಲಿ, ಅದಿರು ತುಂಬುವ ಕಡೆ, ಅದೇ ಕೆಲವು ಹತ್ತು ಮೀಟರಿನಲ್ಲಿ ಮತ್ತೆ ಮತ್ತೆ ಬೀಳುತ್ತವೆ. ಇಂಥ ಕಡೆ ಚಾಲಕನನ್ನು ಬೈಯುವುದು ಸುಲಭ. ಐದಾರು ಬೇರೆ ಬೇರೆ ಚಾಲಕರು ಒಂದೇ ಕಂಬದ ಬಳಿ ಜಾರಿದರೆ ತಪ್ಪು ಕಂಬ ನೆಟ್ಟವರದ್ದು ಅನ್ನಬೇಕಲ್ವಾ? ಸಿಗ್ನಲ್ಲನ್ನು ಏರಿನ ಬುಡಕ್ಕೆ ಸರಿಸಿದರೆ ಅಥವಾ ಭಾರೀ ರೈಲನ್ನು ಅಲ್ಲಿ ನಿಲ್ಲಿಸದೆ ಬಿಟ್ಟರೆ ಎಷ್ಟೋ ಹಳಿ ಉಳಿಯುತ್ತದೆ.

ಮೂವತ್ತು ಅಚ್ಚಿನ ಕೆಲಸ ಹದಿನೆಂಟಕ್ಕೆ

ಎಸಿ ಮೋಟಾರು ಬಂದ ಮೇಲೆ ಈ ತೊಂದರೆ ಮುಗಿಯಿತು ಅಂತ ಹೇಳುವವರಿದ್ದಾರೆ. ಅರ್ಧ ಸತ್ಯ. ಈ ಎಂಜಿನ್‌ಗಳಲ್ಲಿರುವ ಇಂಡಕ್ಷನ್ ಬಗೆಯ ಎಸಿ ಮೋಟಾರಿಗೆ ಕೊಡುವ ವಿದ್ಯುತ್ತಿನ ಆವರ್ತನವೇ ಅದರ ವೇಗಕ್ಕೆ ಲಗಾಮು. ಗಾಲಿ ಜಾರಿ ಮೋಟಾರು ಆ ವೇಗ ಮುಟ್ಟಿದರೆ ಅದರ ಬಲ ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ. ಹಳೆಯ ಡಿಸಿ ಮೋಟಾರಿನಂತೆ ಹುಚ್ಚೆದ್ದು ಓಡುವುದಿಲ್ಲ. ಎಲ್ಲ ಅಚ್ಚೂ ಒಟ್ಟಿಗೇ ಜಾರಿದರೆ ಒಂದನ್ನೊಂದು ಹೋಲಿಸಿ ಕಂಡುಹಿಡಿಯಲು ಆಗುವುದಿಲ್ಲ. ಅದಕ್ಕೆ ಎಂಜಿನ್ನಿನ ಅಡಿಯಲ್ಲಿ ರೇಡಾರ್ ಇಟ್ಟು ನೆಲದ ಮೇಲಿನ ನಿಜವಾದ ವೇಗ ಅಳೆಯುವ ಪದ್ಧತಿಯೂ ಬಂತು. ಕಂಪ್ಯೂಟರು ಸೆಕೆಂಡಿಗೆ ಎಷ್ಟೋ ಸಲ ಲೆಕ್ಕ ಹಾಕಿ ಗಾಲಿಯನ್ನು ಆ ತುದಿಯ ಪಕ್ಕದಲ್ಲೇ ಹಿಡಿದಿಡುತ್ತದೆ. ನಿಂತಲ್ಲೇ ನಿಮಿಷಗಟ್ಟಲೆ ಸುತ್ತಿ ಗುಂಡಿ ತೋಡುವುದು ಇದರಿಂದ ನಿಜಕ್ಕೂ ಕಡಿಮೆಯಾಯಿತು.

ಆದರೆ ಉಳಿದ ಅರ್ಧ ನೋಡಿ. 1990ರ ದಶಕದಲ್ಲಿ ಅಮೆರಿಕದ ಬರ್ಲಿಂಗ್‌ಟನ್ ನಾರ್ದರ್ನ್ ರೈಲ್ವೆ ತನ್ನ ಕಲ್ಲಿದ್ದಲು ರೈಲುಗಳಿಗೆ ಎಸಿ ಮೋಟಾರಿನ ಎಸ್‌ಡಿ70ಮ್ಯಾಕ್ ಎಂಜಿನ್ ತಂದಿತು. ಹಳೆಯ ಎಸ್‌ಡಿ40-2 ಐದು ಎಳೆಯುತ್ತಿದ್ದ ರೈಲನ್ನು ಹೊಸದು ಮೂರೇ ಎಳೆದವು. ಹಾರ್ಸ್‌ಪವರ್ ಲೆಕ್ಕ ಹಾಕಿದರೆ ಮಜಾ ಇದೆ. ಹಳೆಯದು ಒಂದಕ್ಕೆ 3,000, ಐದಕ್ಕೆ 15,000. ಹೊಸದು ಒಂದಕ್ಕೆ 4,000, ಮೂರಕ್ಕೆ 12,000. ಶಕ್ತಿ ಕಡಿಮೆಯಾಗಿದೆ, ಕೆಲಸ ಅಷ್ಟೇ ಆಗಿದೆ. ಗೆದ್ದದ್ದು ಹಿಡಿತ. ಎರಡೂ ಆರು ಅಚ್ಚಿನ ಎಂಜಿನ್‌ಗಳು, ಅಂದರೆ ಮೂವತ್ತು ಅಚ್ಚು ಎಳೆಯುತ್ತಿದ್ದದ್ದನ್ನು ಈಗ ಹದಿನೆಂಟು ಎಳೆಯಬೇಕು. ಹೊಸ ಎಂಜಿನ್ ಸ್ವಲ್ಪ ಹೆಚ್ಚು ತೂಕದ್ದು ಅನ್ನುವುದೂ ನಿಜ. ಹೇಗೇ ನೋಡಿದರೂ ಒಂದೊಂದು ಗಾಲಿಯಡಿಯ ಆ ಚದರ ಸೆಂಟಿಮೀಟರ್ ಮೊದಲಿನ ಒಂದೂವರೆ ಪಟ್ಟಿಗಿಂತ ಜಾಸ್ತಿ ಎಳೆತ ತಡೆಯಬೇಕಾಯಿತು. ಎಂಜಿನ್ ಖರೀದಿಯಲ್ಲಿ ಉಳಿದ ದುಡ್ಡಿನ ಒಂದು ಪಾಲು ಹಳಿಯ ಲೆಕ್ಕಕ್ಕೆ ಹೋಯಿತು ಅಂತಲೇ ನಾನು ಓದಿಕೊಳ್ಳುತ್ತೇನೆ.

ಕಂಪ್ಯೂಟರು ಜಾರುವಿಕೆಯನ್ನು ನಿಲ್ಲಿಸುವುದಿಲ್ಲ, ಹದ್ದುಬಸ್ತಿನಲ್ಲಿ ಇಡುತ್ತದೆ ಅಷ್ಟೇ. ತುದಿಯ ಪಕ್ಕದಲ್ಲೇ ಓಡುವ ಗಾಲಿ ಹಳಿಯನ್ನು ಒಂದೇ ಕಡೆ ಕರಗಿಸುವ ಬದಲು ಉದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ಬಿಸಿ ಮಾಡುತ್ತಾ ಹೋಗುತ್ತದೆ. ಶಾಖ ಮತ್ತು ಒತ್ತಡ ಎರಡೂ ಸೇರಿ ಅಲ್ಲಲ್ಲಿ ತೆಳು ಬಿಳಿ ಪದರ ಮೂಡುತ್ತದೆ. ಕಳೆದ ಒಂದೆರಡು ದಶಕಗಳಿಂದ ಹಳಿ ತಜ್ಞರು ಸ್ಟಡ್ ಎಂದು ಕರೆಯುವ ಒಂದು ದೋಷದ ಹಿಂದೆ ಬಿದ್ದಿದ್ದಾರೆ. ನೋಡಲು ಇದು ಸ್ಕ್ವಾಟ್ ಎಂಬ ಹಳೆಯ ದೋಷದ ಹಾಗೇ: ಹಳಿಯ ನೆತ್ತಿಯಲ್ಲಿ ಕಪ್ಪು ತಗ್ಗು, ಒಳಗೆ ಬಿರುಕು. ಸ್ಕ್ವಾಟ್ ಬೆಳೆಯಲು ಬಿರುಕಿಗೆ ನೀರು ಇಳಿಯಬೇಕು ಅನ್ನುವುದು ಹಳೆಯ ತಿಳಿವಳಿಕೆ. ಸ್ಟಡ್ ಮಾತ್ರ ಮಳೆ ಬೀಳದ ಸುರಂಗದಲ್ಲೂ, ಮೆಟ್ರೋ ಹಳಿಯಲ್ಲೂ ಸಿಕ್ಕಿತು. ಗಾಲಿ ಜಾರುವಾಗ ಮೂಡುವ ಬಿಳಿ ಪದರದ ಕಡೆಗೇ ಬೆರಳು ತೋರಿಸಲು ಇದೂ ಒಂದು ಕಾರಣ. ಸಮಾಧಾನದ ಸಂಗತಿ ಅಂದರೆ ಇವು ಸ್ಕ್ವಾಟಿನಷ್ಟು ಬೇಗ ಕೆಳಮುಖವಾಗಿ ಹಳಿ ಮುರಿಯುವ ಬಿರುಕಾಗುವುದಿಲ್ಲ. ಆದರೆ ಸಂಖ್ಯೆ ಜಾಸ್ತಿ.

ರೈಲಿನ ಉದ್ದವೂ ಬೆಳೆಯುತ್ತಿದೆ. ಉತ್ತರ ಅಮೆರಿಕದ ದೊಡ್ಡ ಸರಕು ರೈಲ್ವೆಗಳು ಕಳೆದ ದಶಕದಿಂದ ಉದ್ದ ರೈಲು, ಕಡಿಮೆ ಎಂಜಿನ್ ಅನ್ನುವ ಹಾದಿ ಹಿಡಿದಿವೆ. ಇಂಥ ರೈಲಿನಲ್ಲಿ ನಡುವೆಯೋ ಕೊನೆಯಲ್ಲೋ ಸೇರಿಸಿದ ಎಂಜಿನ್‌ಗಳನ್ನು ಮುಂದಿನ ಚಾಲಕ ರೇಡಿಯೋ ಮೂಲಕ ನಡೆಸುತ್ತಾನೆ. 2001ರ ಜೂನಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಓಡಿದ ಅದಿರು ರೈಲು 7.3 ಕಿಲೋಮೀಟರ್ ಉದ್ದವಿತ್ತು. 682 ವ್ಯಾಗನ್, ಎಂಟು ಎಂಜಿನ್, ಚಾಲಕ ಒಬ್ಬನೇ. ಅದು ದಾಖಲೆಗೆ ಓಡಿಸಿದ್ದು ಸರಿ, ದಿನನಿತ್ಯದ್ದಲ್ಲ. ಆದರೆ ಎರಡು ಮೂರು ಕಿಲೋಮೀಟರ್ ಈಗ ಮಾಮೂಲಿ. ಎರಡು ಕಿಲೋಮೀಟರ್ ಹಿಂದಿನ ಎಂಜಿನ್ ಜಾರಿದರೆ ಮುಂದಿನವನ ಕಾಲಡಿಗೆ ನಡುಕ ತಾಗುವುದಿಲ್ಲ, ಸದ್ದು ಕೇಳುವುದಿಲ್ಲ, ಹೊಗೆ ಕಾಣುವುದಿಲ್ಲ. ಪರದೆಯ ಮೇಲೆ ಒಂದು ಸೂಚನೆ ಬರಬೇಕು, ಅದನ್ನು ಅವನು ನೋಡಬೇಕು. ರೇಡಿಯೋ ಸಂಪರ್ಕ ಕಡಿದುಹೋದ ಜಾಗದಲ್ಲೋ ಸೆನ್ಸರ್ ಕೈಕೊಟ್ಟ ದಿನವೋ ಏನಾಗಬಹುದು ಅಂತ ಊಹಿಸುವುದು ಕಷ್ಟವಲ್ಲ. ಗಾಲಿಯ ಅರ್ಧಚಂದ್ರ ಮೂಡುವಷ್ಟು ಆಳದ ಗುಂಡಿ ಈ ಕಾಲದಲ್ಲೂ ಬಿದ್ದರೆ ಮೊದಲು ಕೇಳಬೇಕಾದದ್ದು ಆ ಎಂಜಿನ್ ಯಾರ ಕಣ್ಣಳತೆಯಲ್ಲಿತ್ತು ಅಂತ.

ಹುಡುಕುವುದು, ಸರಿಪಡಿಸುವುದು

ಹಳಿಯೊಳಗಿನ ಬಿರುಕು ಹುಡುಕಲು ಅಲ್ಟ್ರಾಸಾನಿಕ್ ಯಂತ್ರ ಓಡಿಸುತ್ತಾರೆ. ಮೇಲಿನಿಂದ ಶಬ್ದದ ಅಲೆ ಬಿಟ್ಟು ಪ್ರತಿಧ್ವನಿ ಕೇಳುವುದು ಇದರ ಕೆಲಸ. ಸುಟ್ಟ ಜಾಗದಲ್ಲಿ ಇದೇ ಎಡವುತ್ತದೆ. ಮೇಲೆ ಅಡ್ಡಬಿರುಕಿನ ಸಿಪ್ಪೆ ಇದ್ದರೆ ಅಲೆ ಅಲ್ಲಿಗೇ ತಾಗಿ ವಾಪಸ್ ಬರುತ್ತದೆ. ಅದರ ನೆರಳಲ್ಲಿ ಕೆಳಮುಖ ಬಿರುಕು ಇದ್ದರೂ ಕಾಣುವುದಿಲ್ಲ. ಯಂತ್ರಕ್ಕೆ ಕಂಡದ್ದು ಸಣ್ಣ ದೋಷ, ಅದರ ಅಡಿಯಲ್ಲಿ ಅಡಗಿರುವುದು ದೊಡ್ಡದು. ಅದಕ್ಕೇ ಅನುಭವಿ ಟ್ರ್ಯಾಕ್‌ಮನ್‌ಗಳು ಜೋಡಿ ಕಲೆ ಕಂಡಲ್ಲಿ ಯಂತ್ರ ಏನೇ ಹೇಳಲಿ, ಬಗ್ಗಿ ಕೈಯಿಂದ ಸವರಿ, ಎದುರು ಹಳಿಯನ್ನೂ ನೋಡುವುದು.

ತೆಳು ಪದರವಾದರೆ ಗ್ರೈಂಡಿಂಗ್ ಮಾಡಿ ತೆಗೆದರೆ ಆಯಿತು. ಅಲ್ಲೂ ಒಂದು ತಮಾಷೆ ಇದೆ. ಅವಸರಕ್ಕೆ ಒತ್ತಿ ಉಜ್ಜಿದರೆ ಗ್ರೈಂಡಿಂಗ್ ಕಲ್ಲೇ ಹಳಿಯನ್ನು ನೀಲಿಗಟ್ಟುವಷ್ಟು ಕಾಯಿಸಿ ಹೊಸ ಬಿಳಿ ಪದರ ಹುಟ್ಟಿಸುತ್ತದೆ. ಸ್ವಲ್ಪ ಆಳವಿದ್ದರೆ ಕೆಟ್ಟ ಉಕ್ಕನ್ನೆಲ್ಲ ಕೆರೆದು ವೆಲ್ಡಿಂಗ್‌ನಿಂದ ತುಂಬುತ್ತಾರೆ. ಹಾಗೆ ತುಂಬುವ ಮೊದಲು ಹಳಿಯನ್ನು ಸಾಮಾನ್ಯವಾಗಿ 350 ಡಿಗ್ರಿ ಆಸುಪಾಸಿಗೆ ಕಾಯಿಸಿಕೊಳ್ಳಬೇಕು. ತಣ್ಣನೆ ಹಳಿಯ ಮೇಲೆ ಬಿಸಿ ವೆಲ್ಡ್ ಇಟ್ಟರೆ ಅದು ಥಟ್ಟನೆ ಆರುತ್ತದೆ, ಮತ್ತೆ ಅದೇ ಮಾರ್ಟೆನ್‌ಸೈಟ್. ರಾತ್ರಿ ಲೈನ್ ಸಿಗುವುದು ಒಂದೆರಡು ಗಂಟೆ, ಚಳಿಗಾಳಿ ಬೇರೆ. ಕಾಯಿಸುವ ಕೆಲಸಕ್ಕೆ ಕತ್ತರಿ ಬೀಳುವುದು ಅಂಥ ಹೊತ್ತಿನಲ್ಲಿ. ಇನ್ನೂ ಆಳವಾದರೆ ಕೆಲವು ಮೀಟರ್ ಹಳಿಯನ್ನೇ ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಒಂದು ದೋಷ ಹೋಗಿ ಎರಡು ವೆಲ್ಡ್ ಜಾಯಿಂಟ್ ಬಂದವು. ಅವನ್ನೂ ಇನ್ನು ಮುಂದೆ ಕಾಯಬೇಕು.

ಗಟ್ಟಿ ಹಳಿ ಹಾಕಿದರೆ ಆಗದೇ ಅಂತ ಕೆಲವರು ಕೇಳುತ್ತಾರೆ. ನೆತ್ತಿ ಹದಗೊಳಿಸಿದ ಗಟ್ಟಿ ಹಳಿ ಸವೆತಕ್ಕೆ ಒಳ್ಳೆಯದು, ಸುಡುವುದಕ್ಕೆ ಅಲ್ಲ. ಅದರಲ್ಲೂ ಇಂಗಾಲ ಅಷ್ಟೇ ಇರುವುದರಿಂದ ಕಾದು ಆರಿದರೆ ಅದೂ ಮಾರ್ಟೆನ್‌ಸೈಟೇ ಆಗುವುದು.

ಇನ್ನು ದುಡ್ಡಿನ ಮಾತು. ರೈಲು ಓಡಿಸುವವರು ಬೇರೆ, ಹಳಿ ನೋಡಿಕೊಳ್ಳುವವರು ಬೇರೆ ಆದಾಗ ಇದು ತಕರಾರಿಗೆ ಬರುತ್ತದೆ. ಬ್ರಿಟನ್ನಿನಲ್ಲಿ 1990ರ ದಶಕದಿಂದ ಹೀಗೇ ಇದೆ. ಅಲ್ಲಿ ಓಡಿಸುವ ಕಂಪನಿಗಳು ವಾಹನದ ಮಾದರಿ ಮತ್ತು ಓಡಿದ ದೂರಕ್ಕೆ ತಕ್ಕಂತೆ ಹಳಿ ಸವೆತದ ಶುಲ್ಕ ಕಟ್ಟುತ್ತವೆ. ಅದು ಸರಾಸರಿ ಲೆಕ್ಕ. ಒಂದೇ ಮಾದರಿಯ ಎಂಜಿನ್ನನ್ನು ಒಬ್ಬರು ಹದವಾಗಿ ಓಡಿಸಿದರೂ ಇನ್ನೊಬ್ಬರು ಸಾಮರ್ಥ್ಯ ಮೀರಿ ಭಾರ ಕಟ್ಟಿ ಏರಿನಲ್ಲಿ ಜಾರಿಸಿದರೂ ದರ ಒಂದೇ. ಎರಡೂ ಒಂದೇ ಸಂಸ್ಥೆಯ ಕೈಯಲ್ಲಿದ್ದರೂ ಇಲಾಖೆಗಳು ಬೇರೆ. ಎಂಜಿನ್ ಕಡಿಮೆ ಮಾಡಿದ ಉಳಿತಾಯ ಒಬ್ಬರ ಪುಸ್ತಕದಲ್ಲಿ ಬರುತ್ತದೆ, ಹಳಿ ಬದಲಿಸಿದ ಖರ್ಚು ಇನ್ನೊಬ್ಬರ ಪುಸ್ತಕದಲ್ಲಿ.

ಇದಕ್ಕೆ ಬೇಕಾದ ಮಾಹಿತಿ ಹೊಸದಾಗಿ ಹುಡುಕಬೇಕಾಗಿಲ್ಲ. ಗಾಲಿ ಜಾರದಂತೆ ನೋಡಿಕೊಳ್ಳುವ ಕಂಪ್ಯೂಟರಿಗೆ ಯಾವ ಅಚ್ಚು ಎಷ್ಟು ಹೊತ್ತು, ಎಷ್ಟು ಜೋರಾಗಿ ಜಾರಿತು ಅಂತ ಗೊತ್ತಿರುತ್ತದೆ. ಎಂಜಿನ್ನಿನಲ್ಲಿ ಜಿಪಿಎಸ್ ಇದ್ದರೆ ಜಾಗವೂ ಗೊತ್ತು. ಆ ದಾಖಲೆ ಹೋಗುವುದು ಎಂಜಿನ್ ರಿಪೇರಿ ಮಾಡುವ ಶೆಡ್ಡಿಗೆ, ಅಲ್ಲಿ ಅದನ್ನು ನೋಡುವುದು ಮೋಟಾರು ಸರಿಯಿದೆಯೇ ಅಂತ. ಹಳಿ ತಪಾಸಣೆಯವರ ಕೈಗೆ ಅದೇ ದಿನ ಒಂದು ಪಟ್ಟಿ ಸಿಕ್ಕರೆ, ಇಂಥ ಕಿಲೋಮೀಟರಿನಲ್ಲಿ ಇಂತಿಷ್ಟು ಸೆಕೆಂಡ್ ಜಾರಿದೆ ಅಂತ, ಪದರ ಇನ್ನೂ ತೆಳ್ಳಗಿರುವಾಗಲೇ ಹೋಗಿ ಉಜ್ಜಿ ತೆಗೆಯಬಹುದು. ಇಂತಿಷ್ಟು ಸೆಕೆಂಡಿಗಿಂತ ಹೆಚ್ಚು ಜಾರಿದ ಪ್ರತಿ ಜಾಗವನ್ನೂ ಮುಂದಿನ ರಾತ್ರಿಯೊಳಗೆ ನೋಡಲೇಬೇಕು ಅಂತ ಒಂದು ಮಿತಿ ಬರೆದಿಟ್ಟರೆ, ಪಟ್ಟಿ ಕಳಿಸಲು ಶೆಡ್ಡಿಗೂ ನೆಪ ಉಳಿಯುವುದಿಲ್ಲ.